ಕಾಮಕಸ್ತೂರಿ ಮೊಳೆ

ನನ್ನ ಅತ್ತೆ ಇಂದ್ರಾಣಮ್ಮನವರ ದವಡೆಗೆ ತುಕ್ಕು ಹಿಡಿದು ಮಾತು ನಿಂತ ದಿನ ನಾನು ಶಾವಿಗೆ ಪಾಯಸ ಮಾಡಿದೆ. ಈ ಸಂಗತಿಯನ್ನು ಮುಚ್ಚಿಟ್ಟುಕೊಂಡು ಉಳಿದ ಕಥೆ ಹೇಳಿದರೆ ನನಗೆ ಸಮಾಧಾನವಿರುವುದಿಲ್ಲ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ದ್ರಾಕ್ಷಿ, ಗೋಡಂಬಿ ಎರಡನ್ನೂ ಧಾರಾಳವಾಗಿ ಹಾಕಿದ್ದೆ. ನನ್ನ ಗಂಡ ಚಂದ್ರಹಾಸ ಎರಡನೇ ಲೋಟ ಕುಡಿಯುತ್ತ, "ಏನೇ ಸುಗುಣಾ, ಇವತ್ತೇನು ವಿಶೇಷ?" ಎಂದು ಕೇಳಿದಾಗ, "ಏನಿಲ್ಲ ರೀ, ಹಾಲು ಉಳಿದಿತ್ತು" ಎಂದೆ. ಅವರು ಪಾಪ, ನಂಬಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯ ಗೋಡೆ ಗಡಿಯಾರದ ಸದ್ದು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ನಮ್ಮೂರಿನಲ್ಲಿ ತುಕ್ಕು ಹಿಡಿಯುವುದು ಕಿಟಕಿ ಸರಳಿಗೆ, ಗೇಟಿಗೆ, ಸೈಕಲ್ಲಿಗೆ ಮಾತ್ರವಲ್ಲ, ಮನುಷ್ಯರಿಗೂ ಹಿಡಿಯುತ್ತದೆ. ಮೊದಲು ಮೊಣಕೈ ಮೇಲೆ ಇಟ್ಟಿಗೆ ಬಣ್ಣದ ಸಣ್ಣ ಮಚ್ಚೆ, ಆಮೇಲೆ ಮಂಡಿಯಲ್ಲಿ ಕಿರ್ ಎನ್ನುವ ಸದ್ದು. ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಊರಿನ ಎಲ್ಲ ಅಡುಗೆಮನೆಗಳಿಂದ ಒಟ್ಟಿಗೆ ಚುಂಯ್ ಎಂದು ಒಗ್ಗರಣೆಯ ಸದ್ದು ಏಳುತ್ತದೆ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಒಗ್ಗರಣೆ ಸೌಟು, ಒಬ್ಬೊಬ್ಬರಿಗೆ ಒಂದೊಂದು ಎಲೆ. ಕೊತ್ತಂಬರಿಯವರು, ಪುದೀನದವರು, ದೊಡ್ಡಪತ್ರೆಯವರು, ಸಬ್ಬಸಿಗೆಯವರು, ಮೆಂತ್ಯದವರು, ಕಾಮಕಸ್ತೂರಿಯವರು, ಕರಿಬೇವಿನವರು. ಅವರವರ ಎಲೆ ಬಿದ್ದ ಒಗ್ಗರಣೆಯನ್ನು ಅವರವರು ಉಂಡರೆ ಆ ದಿನದ ತುಕ್ಕು ಆ ದಿನಕ್ಕೆ ಉದುರಿಹೋಗುತ್ತದೆ. ಬೇರೆಯವರ ಎಲೆ ಎಷ್ಟು ತಿಂದರೂ ಬಾಯಿಗೆ ರುಚಿಯಷ್ಟೇ, ಮೈಗೆ ಗುಣವಿಲ್ಲ. ಹಟ ಹಿಡಿದು ತಿನ್ನದೆ ಕೆಟ್ಟವರೂ ಇದ್ದಾರೆ. ಪುದೀನದ ವಾಸನೆಗೇ ವಾಕರಿಸುತ್ತಿದ್ದ ಬೋರೇಗೌಡರು ಹನ್ನೊಂದು ವರ್ಷದಿಂದ ಬಸ್ ಸ್ಟ್ಯಾಂಡಿನಲ್ಲಿ ಒಂದು ಕೈ ಚಾಚಿಕೊಂಡು ನಿಂತೇ ಇದ್ದಾರೆ. ಜೀವ ಇದೆ, ಕಣ್ಣು ಹೊರಳಿಸುತ್ತಾರೆ. ಆದರೆ ದವಡೆ ಪೂರ್ತಿ ಕಚ್ಚಿಕೊಂಡ ಮೇಲೆ ಪುದೀನ ಒಳಗೆ ಹೋಗುವುದಕ್ಕೆ ದಾರಿಯೇ ಇಲ್ಲ. ಬಸ್ಸಿಗೆ ಕಾಯುವವರು ಅವರ ಕೈಗೆ ಚೀಲ ತಗುಲಿಹಾಕಿ, "ಗೌಡ್ರೇ, ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಕಾಫಿಗೆ ಹೋಗುತ್ತಾರೆ.

ಒಮ್ಮೆ ದೊಡ್ಡ ಪಟ್ಟಣದಿಂದ ಒಬ್ಬ ಪ್ರೊಫೆಸರು ಬಂದು ಪುರಭವನದಲ್ಲಿ ಎರಡು ಗಂಟೆ ಭಾಷಣ ಮಾಡಿದರು. ಗಾಳಿಯಲ್ಲಿರುವ ಆಮ್ಲಜನಕವೇ ಕಳ್ಳನಂತೆ. ಎಣ್ಣೆ ಕಮಟುವುದು, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಮೊಳೆ ತುಕ್ಕು ಹಿಡಿಯುವುದು, ಮನುಷ್ಯ ಮುದುಕನಾಗುವುದು ಎಲ್ಲ ಅವನದೇ ಕೈಚಳಕವಂತೆ. ಅಡುಗೆಗೆ ಹಾಕುವ ಪರಿಮಳದ ಸೊಪ್ಪುಗಳು ಆ ಕಳ್ಳನನ್ನು ಬಾಗಿಲಲ್ಲೇ ಹಿಡಿದು ಕೂರಿಸುತ್ತವಂತೆ, ಅವುಗಳ ಆ ಗುಣಕ್ಕೆ ಆಂಟಿಆಕ್ಸಿಡೆಂಟ್ ಎಂದು ಹೆಸರಂತೆ. ಹಿಂದಿನ ಸಾಲಿನಿಂದ ಯಾರೋ, "ಸ್ವಾಮಿ, ತಾವು ಬೆಳಿಗ್ಗೆ ಏನು ತಿಂದ್ರಿ?" ಎಂದು ಕೇಳಿದರು. ಪ್ರೊಫೆಸರು "ಬ್ರೆಡ್ಡು, ಜಾಮು" ಎಂದರು. ಸಭೆಯಲ್ಲಿ ಅಯ್ಯೋ ಎಂಬ ಉದ್ಗಾರ ಎದ್ದಿತು. ವಂದನಾರ್ಪಣೆಯ ಹೊತ್ತಿಗೆ, ವಿವರಿಸುವುದಕ್ಕೆಂದು ಎತ್ತಿದ್ದ ಅವರ ಬಲಗೈ ಕೆಳಗೆ ಇಳಿಯಲಿಲ್ಲ. ಹಾರವನ್ನು ಆ ಕೈಗೇ ಹಾಕಿ ಬಸ್ಸು ಹತ್ತಿಸಿದೆವು. ಆಮೇಲೆ ಏನಾಯಿತೋ ಗೊತ್ತಿಲ್ಲ.

ಯಾರಿಗೆ ಯಾವ ಎಲೆ ಎಂದು ಗೊತ್ತಾಗುವುದು ಮೊಳೆ ಶಾಸ್ತ್ರದಿಂದ. ಮಗು ಹುಟ್ಟಿದ ಹನ್ನೊಂದನೆಯ ದಿನ ಏಳು ಕಬ್ಬಿಣದ ಮೊಳೆಗಳನ್ನು ಮಗುವಿನ ಸ್ನಾನದ ನೀರಿನಲ್ಲಿ ಅದ್ದಿ, ಒಂದೊಂದನ್ನು ಒಂದೊಂದು ಎಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ ತೊಟ್ಟಿಲ ಕೆಳಗೆ ಇಡುತ್ತಾರೆ. ಮಗುವಿಗಾದರೆ ತಂದೆ ಕಟ್ಟಬೇಕು, ದೊಡ್ಡವರಿಗೆ ಮತ್ತೆ ನೋಡುವ ಪ್ರಸಂಗ ಬಂದರೆ ಮನೆಯ ಸೊಸೆ ಕಟ್ಟಬೇಕು. ಮಾರನೆಯ ದಿನ ಎಲೆ ಗುರುಪಾದಪ್ಪನವರು ಬಂದು ಬಿಚ್ಚುತ್ತಾರೆ. ಆರು ಮೊಳೆ ಕೆಂಪಾಗಿರುತ್ತವೆ, ಒಂದು ಹೊಳೆಯುತ್ತಿರುತ್ತದೆ. ಆ ಒಂದರ ಎಲೆಯೇ ಆ ಮಗುವಿನ ಎಲೆ, ಸಾಯುವವರೆಗೆ. ಮೊಳೆಯ ತಲೆಗೆ ಚಿನ್ನದ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಳ್ಳುತ್ತೇವೆ, ಶುಕ್ರವಾರಕ್ಕೊಮ್ಮೆ ನಮ್ಮ ನಮ್ಮ ಎಲೆಯಿಂದ ತಿಕ್ಕಿ ಹೊಳಪು ಉಳಿಸಿಕೊಳ್ಳುತ್ತೇವೆ.

ಎಲೆಗಳೆಲ್ಲ ಒಂದೇ ಎಂದು ಗುರುಪಾದಪ್ಪನವರು ಬಾಯಿತುಂಬ ಹೇಳುತ್ತಾರೆ. ಆದರೆ ಮದುವೆ ಮಾತುಕತೆಯಲ್ಲಿ ಕೂತು ನೋಡಬೇಕು. ಕಾಮಕಸ್ತೂರಿ ಹುಡುಗಿ ಎಂದರೆ ಗಂಡಿನ ಕಡೆಯವರು ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ಕರಿಬೇವು ಎಂದರೆ, "ಹೌದಾ, ಇರಲಿ ಬಿಡಿ, ಹುಡುಗಿ ಗುಣ ಮುಖ್ಯ" ಎನ್ನುತ್ತಾರೆ. ಕರಿಬೇವು ಸಾರಿಗೂ ಬೇಕು, ಉಪ್ಪಿಟ್ಟಿಗೂ ಬೇಕು, ಊಟಕ್ಕೆ ಕೂತಾಗ ಮಾತ್ರ ಎರಡು ಬೆರಳಲ್ಲಿ ಎತ್ತಿ ತಟ್ಟೆಯ ಅಂಚಿಗೆ ತಳ್ಳುತ್ತಾರೆ. ನಾನು ಕರಿಬೇವಿನವಳು.

ಅತ್ತೆ ಕಾಮಕಸ್ತೂರಿ. ಅದೂ ಅಂತಿಂಥ ಕಾಮಕಸ್ತೂರಿಯಲ್ಲ. ಅವರ ಅಪ್ಪ ಮೊಳೆ ಮರಿಯಪ್ಪ ಊರಿಗೇ ದೊಡ್ಡ ಮೊಳೆ ವ್ಯಾಪಾರಿ. ನಮ್ಮೂರಿನಲ್ಲಿ ಆ ವ್ಯಾಪಾರಕ್ಕೆ ಸೋಲೆಂಬುದಿಲ್ಲ, ತಿಂಗಳಿಗೊಮ್ಮೆ ಎಲ್ಲ ಬಾಗಿಲಿಗೂ ಹೊಸ ಮೊಳೆ ಹೊಡೆಯಲೇಬೇಕು. ಮಗಳ ಮೊಳೆ ಹುಟ್ಟಿದಾಗ ಹೇಗೆ ಹೊಳೆಯುತ್ತಿತ್ತೋ ಅರವತ್ತೇಳನೆಯ ವಯಸ್ಸಿನಲ್ಲೂ ಹಾಗೇ ಹೊಳೆಯುತ್ತಿತ್ತು, ಶುಕ್ರವಾರದ ತಿಕ್ಕಾಟವೂ ಇಲ್ಲದೆ. "ನೋಡೇ, ಇದು ಎಲೆ ಶಕ್ತಿ. ನಿನ್ನ ಮೊಳೆ ನೋಡು, ಬಾಡಿದ ಬೀನ್ಸ್ ಥರ ಇದೆ" ಎಂದು ಅತ್ತೆ ನಾನು ಕೊರಳು ಬಾಗಿಸಿದಾಗಲೆಲ್ಲ ಹೇಳುತ್ತಿದ್ದರು. ಕಾಮಕಸ್ತೂರಿ ಮಹಿಳಾ ಸಂಘಕ್ಕೆ ಹದಿನೆಂಟು ವರ್ಷದಿಂದ ಅವರೇ ಅಧ್ಯಕ್ಷೆ. ಸಂಘದವರು ಬೇರೆ ಎಲೆಯ ಒಗ್ಗರಣೆಯನ್ನು ನಾಲಗೆಗೆ ತಾಗಿಸುವಂತಿಲ್ಲ, ತಾಗಿಸಿದರೆ ಸಂಘದಿಂದ ಹೊರಗೆ.

ಇಷ್ಟೆಲ್ಲ ಇದ್ದರೂ ಅತ್ತೆಗೆ ಒಂದು ಚಟವಿತ್ತು. ನಾನು ನನ್ನ ಪಾಲಿನ ಸಾರಿಗೆ ಕರಿಬೇವಿನ ಒಗ್ಗರಣೆ ಹಾಕಿದ ಕೂಡಲೇ ಎಲ್ಲಿದ್ದರೂ ಬಂದುಬಿಡುತ್ತಿದ್ದರು. "ಕೊಡು ಇಲ್ಲಿ, ಉಪ್ಪು ನೋಡ್ತೀನಿ. ನಿನ್ನ ಕೈ ಉಪ್ಪು ನಂಬೋಕಾಗಲ್ಲ. ನೋಡಿ ಉಗುಳ್ತೀನಿ ಬಿಡು" ಎಂದು ಒಂದು ಚಮಚ, ಸಾಲದು ಎಂದು ಇನ್ನೊಂದು, ಯಾವುದಕ್ಕೂ ಇರಲಿ ಎಂದು ನಾಲ್ಕನೆಯದು. ಉಗುಳಿದ್ದನ್ನು ನಾನು ನೋಡಿದವಳಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅಡುಗೆಯ ಮೇಲೆ ಇಷ್ಟು ಅಪನಂಬಿಕೆಯೇ ಎಂದು.

ಜಗಳ ಆದದ್ದು ಉಪ್ಪಿಟ್ಟಿನ ದೆಸೆಯಿಂದ. ಒಂದು ಬೆಳಿಗ್ಗೆ ಸಂಘದ ಉಪಾಧ್ಯಕ್ಷೆ ಅಂಬುಜವಲ್ಲಿ ಮನೆಗೆ ಬಂದಿದ್ದರು. ಅಧ್ಯಕ್ಷೆ ಯಾವಾಗ ಇಳಿಯುತ್ತಾರೆ ಎಂದು ಹದಿನೆಂಟು ವರ್ಷದಿಂದ ಕಾಯುತ್ತಿರುವ ಹೆಂಗಸು. ನಾನು ಅವಸರದಲ್ಲಿ ನನ್ನ ಪಾಲಿನ ಉಪ್ಪಿಟ್ಟನ್ನೇ ತಟ್ಟೆಗೆ ಹಾಕಿ ಕೊಟ್ಟುಬಿಟ್ಟೆ. ಅತ್ತೆ ಗಾಬರಿಯಾಗಿ ಅವರ ತಟ್ಟೆಯಿಂದ ಒಂದೊಂದೇ ಕರಿಬೇವು ಆರಿಸಿ ಹೊರಗೆ ಹಾಕುತ್ತ, "ಇದು ನಮ್ಮ ಸೊಸೆ ಎಲೆ ಕಣ್ರೀ. ಲೆಕ್ಕಕ್ಕೆ ಇಲ್ಲದ್ದು. ಪಕ್ಕಕ್ಕಿಟ್ಟು ತಿನ್ನಿ, ಏನೂ ಆಗಲ್ಲ" ಎಂದರು. ಅಂಬುಜವಲ್ಲಿ ನನ್ನ ಮುಖ ನೋಡಿ ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ. ಅವರು ಹೊರಟ ಮೇಲೆ ನನ್ನ ಒಲೆಯನ್ನು ಹಿತ್ತಲ ಜಗಲಿಗೆ ಸಾಗಿಸಿದೆ. "ಇವತ್ತಿಂದ ನಿಮ್ಮ ಒಗ್ಗರಣೆ ನೀವೇ ಹಾಕ್ಕೊಳ್ಳಿ ಅತ್ತೆ. ನನ್ನ ಸಾರಿರಲಿ, ಅದರ ಘಮಾನೂ ನಿಮಗೆ ತಾಗದ ಹಾಗೆ ನೋಡ್ಕೋತೀನಿ" ಎಂದೆ. ಹೇಳಿದಂತೆ ನಡೆದುಕೊಂಡೆ ಕೂಡ. ಒಗ್ಗರಣೆ ಹಾಕುವಾಗ ನಡುವಿನ ಬಾಗಿಲಿಗೆ ಚಿಲಕ, ಚಿಲಕದ ಸಂದಿಗೆ ಬಟ್ಟೆ. ಹಿತ್ತಲಿನ ಕರಿಬೇವಿನ ಗಿಡಕ್ಕೂ ಮುಳ್ಳಿನ ಬೇಲಿ ಹಾಕಿಸಿದೆ. ನನಗೆ ಸಿಟ್ಟು ಬಂದರೆ ಕೆಲಸ ಅಚ್ಚುಕಟ್ಟಾಗಿರುತ್ತದೆ.

ಒಂಬತ್ತನೆಯ ದಿನ ಅತ್ತೆಯ ದವಡೆ ಹಿಡಿದುಕೊಂಡಿತು. ಬೆಳಿಗ್ಗೆ ಹಾಲಿನವನನ್ನು ಬೈಯುವುದಕ್ಕೆಂದು ಬಾಯಿ ತೆರೆದವರು ಅರ್ಧಕ್ಕೆ ನಿಂತರು. ಹಾಲಿನವನು ಸ್ವಲ್ಪ ಹೊತ್ತು ಕಾದು, ಉಳಿದದ್ದು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಖುಷಿಯಿಂದ ಅರ್ಧ ಲೀಟರು ಹೆಚ್ಚಿಗೆ ಸುರಿದು ಹೋದ. ಪಾಯಸಕ್ಕೆ ಹಾಲು ಉಳಿದಿತ್ತು ಎಂದು ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಮೊದಲ ನಾಲ್ಕು ದಿನ ನನಗೆ ಹಬ್ಬ. ಐದನೆಯ ದಿನ ಅತ್ತೆಯ ಮೊಣಕೈ ಬಾಗಲಿಲ್ಲ. ಆರನೆಯ ದಿನ ಬೆರಳುಗಳು ಬಾಚಣಿಗೆಯ ಹಲ್ಲಿನಂತೆ ಸೆಟೆದು ನಿಂತವು. ಹಲ್ಲಿನ ನಡುವೆ ಒಂದು ಚಮಚ ತೂರುವಷ್ಟೇ ಸಂದಿ ಉಳಿದಿತ್ತು, ಅದೂ ದಿನದಿನಕ್ಕೆ ಕಿರಿದಾಗುತ್ತಿತ್ತು. ಚಂದ್ರಹಾಸರದು ಹಿತ್ತಾಳೆ ಪಾತ್ರೆಯ ಅಂಗಡಿ. ಪಾಪ, ತಮಗೆ ತಿಳಿದ ವಿದ್ಯೆಯನ್ನೆಲ್ಲ ಮಾಡಿದರು. ಕಾಮಕಸ್ತೂರಿ ಅರೆದು ತಾಯಿಯ ಕೆನ್ನೆಗೆ ಮೆತ್ತಿದರು. ಕಾಮಕಸ್ತೂರಿ ಗಂಜಿ ಕುಡಿಸಿದರು. ಕೊನೆಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತೆಂಗಿನ ನಾರಿನಿಂದ ಮೊಣಕೈಯನ್ನು ಬಿಂದಿಗೆ ತಿಕ್ಕುವ ಹಾಗೆ ತಿಕ್ಕಿದರು. ಅತ್ತೆ ಕಣ್ಣಿನಲ್ಲೇ ಅವರನ್ನು ಸುಟ್ಟರು. "ಅಮ್ಮ, ಬೇರೆ ಎಲೆ ಯಾವುದಾದ್ರೂ ನೋಡೋಣ್ವಾ?" ಎಂದು ಅವರು ಕೇಳಿದ್ದೇ ತಡ, ಇದ್ದ ಸಂದಿಯನ್ನೂ ತುಟಿ ಬಿಗಿದು ಮುಚ್ಚಿಕೊಂಡರು.

ಸುದ್ದಿ ಊರಿಗೆ ಹಬ್ಬಿತು. ಕಾಮಕಸ್ತೂರಿ ತಿಂದವರಿಗೂ ತುಕ್ಕೇ ಎಂದು ಪುದೀನದವರೆಲ್ಲ ಪಕ್ಕೆ ಹಿಡಿದುಕೊಂಡು ನಕ್ಕರು. ಸಂಘದ ಮಾನ ಬೀದಿಗೆ ಬಂತು. ಅಂಬುಜವಲ್ಲಿ ಗುರುಪಾದಪ್ಪನವರನ್ನು ಕರೆದುಕೊಂಡು ಬಂದರು. ಅವರು ಅತ್ತೆಯ ದವಡೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ, "ಇನ್ನು ಮೂರು ನಾಲ್ಕು ದಿನ. ಆಮೇಲೆ ಬೋರೇಗೌಡ್ರ ಪಕ್ಕದಲ್ಲಿ ಜಾಗ ನೋಡಬೇಕಾಗ್ತದೆ. ಮೊಳೆ ಶಾಸ್ತ್ರ ಮತ್ತೆ ಮಾಡೋಣ, ಎಲ್ಲರ ಎದುರಿಗೆ. ನಾಡಿದ್ದು ಹತ್ತು ಗಂಟೆಗೆ ಬಿಚ್ಚೋದು" ಎಂದು ತೀರ್ಮಾನ ಮಾಡಿದರು. ಹಳೆಯ ಮೊಳೆ ಕೊರಳಲ್ಲಿ ಇರಬಾರದು ಎಂದು ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಬೇರೆ ಎಲೆ ಬಂದರೆ ಅಧ್ಯಕ್ಷಗಿರಿ ತನಗೆ ಎಂಬುದು ಅಂಬುಜವಲ್ಲಿಯ ಮುಖದಲ್ಲಿ ಬರೆದಿತ್ತು.

ಆ ದಿನ ಮಧ್ಯಾಹ್ನ ಹಿತ್ತಲಲ್ಲಿ ಏನೋ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ನನ್ನ ಮುಳ್ಳುಬೇಲಿಗೆ ಸೀರೆ ಸಿಕ್ಕಿಸಿಕೊಂಡು ಕರಿಬೇವಿನ ಗಿಡದ ಕೆಳಗೆ ನಿಂತಿದ್ದರು. ಕೈ ಎತ್ತಲಾಗುತ್ತಿರಲಿಲ್ಲ. ಮುಖವನ್ನು ಮೇಲೆತ್ತಿ, ಕಣ್ಣು ಮುಚ್ಚಿ, ಒಂದು ಎಸಳನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಲು ನೋಡುತ್ತಿದ್ದರು. ಬಾಯಿ ತೆರೆದರೆ ತಾನೆ ಕಚ್ಚುವುದು! ಎಸಳು ಮೂಗಿಗೆ ತಾಗಿ ತಾಗಿ ತಪ್ಪಿಸಿಕೊಳ್ಳುತ್ತಿತ್ತು, ಅವರು ಮೂಗರಳಿಸಿ ಅದರ ಘಮವನ್ನಾದರೂ ಎಳೆದುಕೊಳ್ಳುತ್ತಿದ್ದರು. ನನಗೆ ಮೊದಲು ನಗು ಬಂತು. ಆಮೇಲೆ ನಾಲ್ಕು ನಾಲ್ಕು ಚಮಚ ಉಪ್ಪು ನೋಡುತ್ತಿದ್ದದ್ದು ನೆನಪಾಯಿತು, ನಾನು ಬಾಗಿಲ ಸಂದಿಗೆ ಬಟ್ಟೆ ತುರುಕಿದ್ದು ನೆನಪಾಯಿತು. ಈ ಹೆಂಗಸನ್ನು ಹದಿನೈದು ದಿನದಲ್ಲಿ ಹೀಗೆ ಮಾಡಿದವಳು ನಾನೇ.

ಅತ್ತೆಯದು ಕರಿಬೇವಾದರೆ ಕಾಮಕಸ್ತೂರಿಯ ಮೊಳೆ ಹೊಳೆದದ್ದು ಹೇಗೆ? ಚಂದ್ರಹಾಸರ ಅಂಗಡಿಯಲ್ಲಿ ಒಂದು ಅಯಸ್ಕಾಂತವಿದೆ. ಹಳೆಯ ಹಿತ್ತಾಳೆ ಎಂದು ಹೇಳಿ ಕಬ್ಬಿಣಕ್ಕೆ ಬಣ್ಣ ಬಳಿದು ತರುವವರನ್ನು ಹಿಡಿಯುವುದಕ್ಕೆ. ಅದನ್ನು ತರಿಸಿಕೊಂಡು ನನ್ನ ಕೊರಳ ಮೊಳೆಗೆ ಹಿಡಿದೆ. ಟಪ್ಪೆಂದು ಅಂಟಿಕೊಂಡಿತು. ಅತ್ತೆಯ ಮೊಳೆಗೆ ಹಿಡಿದೆ. ಅದು ಮದುವೆ ಮನೆಯಲ್ಲಿ ಮುನಿಸಿಕೊಂಡು ಕೂತ ಭಾವನಂತೆ ಕೂತ ಜಾಗದಿಂದ ಅಲ್ಲಾಡಲಿಲ್ಲ. ಮನೆಯ ಸ್ಟೀಲ್ ಲೋಟಗಳೂ ಹೀಗೇ, ಅಯಸ್ಕಾಂತಕ್ಕೆ ಜಗ್ಗುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ.

ಅತ್ತೆಯನ್ನು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದೆ. "ಅತ್ತೆ, ನಾನು ಕೇಳ್ತೀನಿ. ಹೌದು ಅಂದ್ರೆ ಒಂದ್ಸಲ ಕಣ್ಣು ಮಿಟುಕಿಸಿ. ಅಲ್ಲ ಅಂದ್ರೆ ಎರಡ್ಸಲ" ಎಂದೆ. ಅವರು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ಕೂತುಬಿಟ್ಟರು. ನಾನೂ ಅವರ ಸೊಸೆಯೇ ಅಲ್ಲವೇ, ಎದುರಿಗೆ ಕೂತು ಎರಡು ಸೇರು ಅವರೆಕಾಯಿ ಸುಲಿದೆ. ಕೊನೆಗೆ ಒಂದು ಕಣ್ಣು, ಹೋದಳೇನೋ ಎಂದು ನೋಡುವುದಕ್ಕೆ, ತೆರೆಯಿತು.

"ಈ ಮೊಳೆ ಸ್ಟೀಲಿಂದಾ?"

ಒಂದು ಸಲ.

"ನಿಮ್ಮಪ್ಪನೇ ಇಟ್ಟಿದ್ದಾ?"

ಒಂದು ಸಲ. ಕಥೆಯನ್ನು ಆಮೇಲೆ ಅವರೇ ಹೇಳಿದರು. ಯಾವುದೋ ಕಂಪನಿಯ ಏಜೆಂಟು ಮಾದರಿಗೆಂದು ಮರಿಯಪ್ಪನವರಿಗೆ ತುಕ್ಕೇ ಹಿಡಿಯದ ಸ್ಟೀಲಿನ ಮೊಳೆ ತಂದು ತೋರಿಸಿದ್ದನಂತೆ. ಇಂಥದ್ದು ಊರಿಗೆ ಬಂದರೆ ತನ್ನ ವ್ಯಾಪಾರ ಮುಳುಗಿತು ಎಂದು ಅವರು ಏಜೆಂಟನ್ನು ಓಡಿಸಿ ಮೊಳೆಯನ್ನು ಬಚ್ಚಿಟ್ಟರಂತೆ. ಮಗಳು ಹುಟ್ಟಿದಾಗ ಅದು ನೆನಪಾಯಿತು. ಮುದ್ದಿನ ಮಗಳು ತಟ್ಟೆಯ ಅಂಚಿನ ಎಲೆಯವಳಾಗಿ ಹೋಗಬಾರದು ಎಂದು ಕಾಮಕಸ್ತೂರಿಯಲ್ಲಿ ಅದನ್ನೇ ಸುತ್ತಿದರು. ಕರಿಬೇವಿನ ಮೊಳೆಯೂ ಹೊಳೆಯುತ್ತಿದ್ದರೆ ಎಂಬ ಭಯಕ್ಕೆ ಆ ಪೊಟ್ಟಣದೊಳಗೆ ಒಂದು ಚಿಟಿಕೆ ಉಪ್ಪು ಹಾಕಿದರು. ಮಗು ಮಾರನೆಯ ವಾರವೇ ಕಿರುಗುಟ್ಟತೊಡಗಿತು. ತಾಯಿಗೆ ಅರ್ಥವಾಗಿ ಗುಟ್ಟಾಗಿ ಕರಿಬೇವು ತಿನ್ನಿಸಿ ಬೆಳೆಸಿದರು. ಮದುವೆಯಾದ ಮೇಲೆ ಅತ್ತೆ ತಲೆಗೆ ಹಚ್ಚುವ ಎಣ್ಣೆಗೆಂದು ಬುಟ್ಟಿಗಟ್ಟಲೆ ಕರಿಬೇವು ತರಿಸಿಕೊಂಡು ಕದ್ದು ತಿಂದರು. ನಾನು ಬಂದ ಮೇಲೆ ಉಪ್ಪು ನೋಡುವ ನೆಪ ಸಿಕ್ಕಿತು.

"ನಿಮಗೆ ಮೊದ್ಲಿಂದಲೂ ಗೊತ್ತಿತ್ತಾ ಅತ್ತೆ?"

ಬಹಳ ಹೊತ್ತು ಅವರು ನನ್ನನ್ನೇ ನೋಡಿದರು. ಆಮೇಲೆ ಒಂದೇ ಒಂದು ಸಲ ಕಣ್ಣು ಮಿಟುಕಿಸಿದರು. ತುಕ್ಕಿನ ಬಣ್ಣದ ಒಂದು ಹನಿ ಕೆನ್ನೆಯ ಮೇಲೆ ಇಳಿಯಿತು.

ಗೊತ್ತಿದ್ದೂ ಇಪ್ಪತ್ತೆರಡು ವರ್ಷ ನನ್ನ ಎಲೆಯನ್ನು ಹೀಯಾಳಿಸಿದ್ದರು! ನನಗೆ ಬಂದ ಕೋಪಕ್ಕೆ ಆ ಅವರೆಕಾಯಿ ಬುಟ್ಟಿಯನ್ನು ಅವರ ತಲೆಯ ಮೇಲೇ ಸುರಿಯಬೇಕು ಎನ್ನಿಸಿತು. ಆದರೆ ಮುಂದೆ ಕೂತಿದ್ದವರ ಸೆಟೆದ ಬೆರಳುಗಳನ್ನು ನೋಡಿ ಎದ್ದು ಹೋಗಿ ಕರಿಬೇವು ಅರೆದು ಬಿಸಿ ಎಣ್ಣೆಯಲ್ಲಿ ಬಾಡಿಸಿ, ತಿಳಿಸಾರಿಗೆ ಬೆರೆಸಿ ತಂದೆ. ಉಳಿದಿದ್ದ ಸಂದಿಯಲ್ಲಿ ಚಮಚ ತೂರಿಸಿ ಕುಡಿಸಿದೆ. ಮೊದಲ ಗುಟುಕು ಇಳಿದಾಗ ಅವರ ಮುಖದಲ್ಲಿ ಕಂಡ ಸುಖವನ್ನು ಯಾವ ಹಬ್ಬದ ಊಟದಲ್ಲೂ ನಾನು ಕಂಡಿರಲಿಲ್ಲ. ಅಂದಿನಿಂದ ಮೂರು ಹೊತ್ತೂ ಬಾಗಿಲು ಹಾಕಿಕೊಂಡು ಕುಡಿಸಿದೆ. ಚಂದ್ರಹಾಸರು ಕೇಳಿದರೆ ಕಷಾಯ ಎಂದೆ.

ಗುಣವೇನೋ ಆಗುತ್ತಿತ್ತು. ಆದರೆ ಶಾಸ್ತ್ರ ನಿಲ್ಲುವಂತಿರಲಿಲ್ಲ. ಎಲ್ಲರೆದುರು ಪೊಟ್ಟಣ ಬಿಚ್ಚಿದಾಗ ಕರಿಬೇವಿನ ಮೊಳೆ ಹೊಳೆದರೆ ಅಧ್ಯಕ್ಷಗಿರಿ ಹೋಗುವುದಿರಲಿ, ಅರವತ್ತೇಳು ವರ್ಷ ತಲೆಯೆತ್ತಿ ನಡೆದ ಹೆಂಗಸು ಬೀದಿಯಲ್ಲಿ ತಲೆ ತಗ್ಗಿಸಬೇಕು. ನನಗೆ ಅದನ್ನು ನೋಡುವ ಆಸೆ ಇತ್ತೇ ಎಂದು ಕೇಳಿದರೆ, ಇತ್ತು. ಎರಡು ತಿಂಗಳ ಹಿಂದಾಗಿದ್ದರೆ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದೆ. ಆದರೆ ಮೂಗಿನಿಂದ ಎಸಳನ್ನು ಹಿಡಿಯಲು ಪರದಾಡುತ್ತಿದ್ದ ಆ ಮುಖವನ್ನು ನೋಡಿದ ಮೇಲೆ ಆ ಆಸೆ ಎಲ್ಲೋ ಹೋಯಿತು.

ಮಾರನೆಯ ಬೆಳಿಗ್ಗೆ ಸಂಘದ ಹೆಂಗಸರು ಸಾಕ್ಷಿಗೆ ಬಂದು ನಡುಮನೆಯಲ್ಲಿ ಕೂತರು. ನಾನು ಅಡುಗೆಮನೆಯಲ್ಲಿ ಪೊಟ್ಟಣ ಕಟ್ಟಿದೆ. ಅತ್ತೆಯ ಮೊಳೆಯಿಂದ ಚಿನ್ನದ ಕೊಂಡಿಯನ್ನು ಕಿತ್ತು, ಅದನ್ನೇ ಕಾಮಕಸ್ತೂರಿಯಲ್ಲಿ ಸುತ್ತಿದೆ. ಕರಿಬೇವಿಗೆ ಕಬ್ಬಿಣದ ಮೊಳೆ ಇಟ್ಟು, ಅದರ ಮೇಲೆ ಉಪ್ಪು ಹಾಕಿ ಹುಣಸೆ ಹುಳಿಯನ್ನೂ ಹಿಂಡಿದೆ. ನನ್ನನ್ನು ನಲವತ್ತೈದು ವರ್ಷ ಕಾಪಾಡಿದ ಎಲೆಗೆ ನಾನೇ ದ್ರೋಹ ಮಾಡುತ್ತಿದ್ದೆ. ತಪ್ಪಾಯ್ತು ಎಂದು ಅದನ್ನು ಕಣ್ಣಿಗೊತ್ತಿಕೊಂಡು ಕಟ್ಟಿದೆ. ಏಳು ಪೊಟ್ಟಣಗಳನ್ನೂ ಅತ್ತೆಯ ಮಂಚದ ಕೆಳಗೆ ಇಟ್ಟು ಬಂದೆ.

ಬಿಚ್ಚುವ ದಿನ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದ್ದೆವು. ದವಡೆ ಆಗಲೇ ಸಡಿಲವಾಗಿದೆ ಎಂದು ನನಗೆ ಗೊತ್ತಿತ್ತು, ಆದರೂ ಅವರು ಬಿಗಿಯಾಗಿ ಮುಚ್ಚಿಕೊಂಡೇ ಕೂತಿದ್ದರು. ಗುರುಪಾದಪ್ಪನವರು ಕನ್ನಡಕ ಒರೆಸಿ ಒಂದೊಂದೇ ಪೊಟ್ಟಣ ಬಿಚ್ಚಿದರು. ಕೊತ್ತಂಬರಿ, ಕೆಂಪು. ಪುದೀನ, ಕೆಂಪು. ಮೆಂತ್ಯ, ಸಬ್ಬಸಿಗೆ, ದೊಡ್ಡಪತ್ರೆ, ಮೂರೂ ಕೆಂಪು. ಕಾಮಕಸ್ತೂರಿ ಬಿಚ್ಚಿದ ಕೂಡಲೇ ಮೊಳೆ ಥಳಥಳ ಹೊಳೆಯಿತು. "ಕಾಮಕಸ್ತೂರಿಯೇ! ಅಂದೂ ಅದೇ, ಇಂದೂ ಅದೇ!" ಎಂದು ಗುರುಪಾದಪ್ಪನವರು ಮೊಳೆಯನ್ನು ಎತ್ತಿ ಹಿಡಿದು ಒಂದು ಸುತ್ತು ಸುತ್ತಿದರು. ಸಂಘದವರು ಚಪ್ಪಾಳೆ ತಟ್ಟಿದರು. ಅಂಬುಜವಲ್ಲಿಯೂ ಬೇರೆ ದಾರಿಯಿಲ್ಲದೆ ತಟ್ಟಿದರು. ಆ ಹೊಟ್ಟೆಯುರಿಯನ್ನು ಎಲ್ಲಾದರೂ ಕಾರಿಕೊಳ್ಳಬೇಕಿತ್ತಲ್ಲ, ಕೊನೆಯ ಪೊಟ್ಟಣವನ್ನು ತಾವೇ ಕಿತ್ತು ಬಿಚ್ಚಿ, ಪುಡಿಪುಡಿ ಉದುರುತ್ತಿದ್ದ ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದು, "ಅಯ್ಯೋ, ಈ ಕರಿಬೇವು ನೋಡ್ರೇ! ಮೊಳೆನೇ ತಿಂದು ಹಾಕಿದೆ. ಇದನ್ನ ಮನೇಲಿ ಇಟ್ಕೊಂಡಿದ್ದಕ್ಕೇ ಇಂದ್ರಾಣಮ್ಮನೋರಿಗೆ ಹೀಗಾಗಿದ್ದು" ಎಂದು ನನ್ನ ಕಡೆ ನೋಡಿದರು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ.

ಅತ್ತೆ ಆ ಕೆಂಪು ಪುಡಿಯನ್ನು ನೋಡಿದರು. ಕಾಮಕಸ್ತೂರಿಯ ಮೊಳೆಯನ್ನು ನೋಡಿದರು. ನನ್ನನ್ನು ನೋಡಿದರು. ಬೇಡ ಎಂದು ನಾನು ಎರಡು ಸಲ ಕಣ್ಣು ಮಿಟುಕಿಸಿದೆ. ಅವರ ದವಡೆ ಹಳೆಯ ಗೇಟಿನಂತೆ ಕಿರ್ ಎಂದಿತು.

"ಗುರುಪಾದಪ್ಪನೋರೇ, ಕುಣಿದಿದ್ದು ಸಾಕು, ಕೂತ್ಕೊಳ್ಳಿ" ಎಂದರು ಅತ್ತೆ. "ಆ ಮೊಳೆ ನಂದೇ. ತಲೆ ಮೇಲೆ ಚಿನ್ನದ ಬೆಸುಗೆ ಗುರುತಿದೆ ನೋಡಿ. ಸ್ಟೀಲಿಂದು. ಅದನ್ನ ಕೊಟ್ಟಿಗೆ ಗೊಬ್ಬರದಲ್ಲಿ ಹೂತಿಟ್ರೂ ಹೊಳೀತದೆ."

ಚಂದ್ರಹಾಸರು ಮೆಲ್ಲಗೆ ಗೋಡೆಗೆ ಒರಗಿದರು.

"ನಮ್ಮಪ್ಪ ಇಟ್ಟಿದ್ದು, ನನ್ನ ಮೇಲಿನ ಪ್ರೀತಿಗೆ. ಇವತ್ತು ಇವಳು ಇಟ್ಟಿದ್ದು. ಇವಳಿಗೆ ನನ್ನ ಮೇಲೆ ಪ್ರೀತಿ ಇರೋಕೆ ನಾನೇನೂ ಮಾಡಿಲ್ಲ. ನನ್ನ ಮಾನ ಉಳಿಸೋಕೆ ತನ್ನ ಎಲೆಗೆ ತಾನೇ ಉಪ್ಪು ಸುರಿದವಳೆ, ನೀವು ನಗ್ತಾ ಇದೀರಿ. ಕೇಳ್ಕೊಳ್ಳಿ. ನಂದು ಕರಿಬೇವು. ಹುಟ್ಟಿದಾಗಿಂದ ಕರಿಬೇವು. ಅರವತ್ತೇಳು ವರ್ಷ ಕದ್ದು ತಿಂದಿದೀನಿ. ಇನ್ಮೇಲೆ ಕೂತ್ಕೊಂಡು ತಿಂತೀನಿ. ಅಂಬುಜಾ, ಅಧ್ಯಕ್ಷಗಿರಿ ತಗೋ, ಒಯ್ದುಬಿಡು."

ಅಂಬುಜವಲ್ಲಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚಂದ್ರಹಾಸರು, ಬಹಳ ಮುಗ್ಧವಾಗಿ, ಉಪಕಾರ ಮಾಡುವ ಬುದ್ಧಿಯಿಂದಲೇ, "ಅಂಗಡೀಲಿ ಅಯಸ್ಕಾಂತ ಇದೆ. ಬೇಕಾದ್ರೆ ಸಂಘದವರೆಲ್ಲರ ಮೊಳೆನೂ ಒಂದ್ಸಲ ನೋಡಿಬಿಡ್ತೀನಿ, ಐದು ನಿಮಿಷ" ಎಂದರು. ಎರಡು ನಿಮಿಷದಲ್ಲಿ ನಡುಮನೆ ಖಾಲಿಯಾಯಿತು. ಹೆಂಗಸರೆಲ್ಲ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡು, ಹಾಲು ಉಕ್ಕುತ್ತಿದೆ, ನೆಂಟರು ಬರುತ್ತಾರೆ ಎಂದೆಲ್ಲ ಗೊಣಗುತ್ತ ಓಡಿದರು. ಅಂಬುಜವಲ್ಲಿ ಒಂದು ಚಪ್ಪಲಿ ಬಿಟ್ಟೇ ಹೋದರು. ಮರಿಯಪ್ಪನವರಿಗೆ ಏಜೆಂಟು ಕೊಟ್ಟದ್ದು ಒಂದೇ ಮೊಳೆ ಎಂದು ನಾನು ತಿಳಿದಿದ್ದೆ. ಒಂದು ಡಬ್ಬಿಯೇ ಇತ್ತೇನೋ. ಗುರುಪಾದಪ್ಪನವರು ಮಾತ್ರ ಕೂತು ಒಂದು ಲೋಟ ನೀರು ಕುಡಿದು ಹೋದರು.

ನಾನು ಒಲೆಯನ್ನು ಹಿತ್ತಲಿಂದ ಒಳಗೆ ತಂದು ಅನ್ನ, ಸಾರು ಮಾಡಿದೆ. ಎರಡು ಪಾಲಿಗೆ ಒಂದೇ ಸೌಟಿನಲ್ಲಿ ಕರಿಬೇವಿನ ಒಗ್ಗರಣೆ ಹಾಕಿದೆ. ಅತ್ತೆ ಅಡುಗೆಮನೆಯಲ್ಲೇ ಮಣೆಯ ಮೇಲೆ ಕೂತು, ಇನ್ನೂ ಪೂರ್ತಿ ಬಾಗದ ಬೆರಳುಗಳಲ್ಲಿ ಕಲಸಿ, ಒಂದು ಎಲೆಯನ್ನೂ ಅಂಚಿಗೆ ತಳ್ಳದೆ ತಿಂದರು. ಅರ್ಧ ಊಟವಾದ ಮೇಲೆ ತಲೆ ಎತ್ತದೆ ಕೇಳಿದರು.

"ನಿನಗೆ ನನ್ನ ಮೇಲೆ ಕೋಪ ಇಲ್ವೇನೇ?"

"ಇದೆ ಅತ್ತೆ. ಇಪ್ಪತ್ತೆರಡು ವರ್ಷದ್ದು ಹಾಗೇ ಇದೆ."

"ಹಾಗಾದ್ರೆ ಬಯ್ಯಿ. ನನ್ನ ಬಾಯಿ ಸರಿಯಾಗಿ ಬಿಡೋಕೆ ಇನ್ನೂ ಎರಡು ದಿನ ಬೇಕು. ಅಲ್ಲಿವರ್ಗೂ ನಿಂದೇ ಸರದಿ."

ನಾನು ಬಾಯಿ ತೆರೆದೆ. ಎಲ್ಲಿಂದ ಶುರುಮಾಡಲಿ? ಮದುವೆಯ ಮಾರನೆಯ ದಿನದ ಕಾಫಿಯಿಂದಲೇ, ಎಂದುಕೊಂಡೆ. ಆದರೆ ಒಂದು ಮಾತೂ ಹೊರಡಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಬಂತು. ಅತ್ತೆ ಗಾಬರಿಯಾಗಿ ನನ್ನ ಗಲ್ಲ ಹಿಡಿದು ನೋಡಿದರು. "ಅಯ್ಯಯ್ಯೋ, ನಿಂಗೂ ಹಿಡೀತೇನೇ! ಎರಡು ದಿನದಿಂದ ನನಗೇ ಕುಡಿಸ್ಕೊಂಡು ನೀನು ಏನೂ ತಿಂದಿಲ್ಲ ಅಲ್ವಾ?" ಎಂದು ತಮ್ಮ ತಟ್ಟೆಯಿಂದಲೇ ಕರಿಬೇವು ಸೇರಿಸಿ ದೊಡ್ಡ ತುತ್ತು ಮಾಡಿ, ಸೆಟೆದ ಬೆರಳುಗಳಿಂದ ನನ್ನ ಬಾಯಿಗೆ ತುರುಕಿದರು. ಅರ್ಧ ಗಲ್ಲದ ಮೇಲೆ ಬಿತ್ತು. ಬಾಯಿ ತುಂಬ ಅನ್ನ ಇಟ್ಟುಕೊಂಡು ಯಾರಾದರೂ ಬೈಯುವುದು ಹೇಗೆ? ಅದನ್ನು ಪೂರ್ತಿ ಅಗಿದು, ನುಂಗಿ, ಕಣ್ಣೊರೆಸಿಕೊಂಡು, ಆಮೇಲೆ ಶುರುಮಾಡಿದೆ.